ಬಕೆಟ್ಟಿನ ಎಕ್ಕ

"ಏನಮ್ಮಿ ಅದು ಕೈಲಿ?"

ಅಜ್ಜಿ ಬಾಗಿಲಲ್ಲೇ ತಡೆದು ಕೇಳಿದಳು. ಶಾಲಿನಿ ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಆದರೆ ಬೆನ್ನು ಚಿಕ್ಕದು, ಎಲೆ ಅಗಲ. ಎರಡು ಕಡೆಯಿಂದಲೂ ಹಸಿರು ಇಣುಕುತ್ತಿತ್ತು.

"ಗಿಡ ಅಜ್ಜಿ. ಸ್ಕೂಲ್ ಪ್ರಾಜೆಕ್ಟು."

"ಯಾವ ಗಿಡ?"

"ನಮ್ಮೂರ ಗಿಡ."

"ನಮ್ಮೂರ ಗಿಡಕ್ಕೆ ಎಸ್ರಿಲ್ವಾ?"

"ಎಕ್ಕ," ಅಂದಳು ಶಾಲಿನಿ, ಆದಷ್ಟು ಮೆಲ್ಲಗೆ.

ಅಜ್ಜಿ ಚಾಮುಂಡಮ್ಮ ಪೊರಕೆ ಕೆಳಗಿಟ್ಟಳು. ಅವಳು ಪೊರಕೆ ಕೆಳಗಿಟ್ಟರೆ ವಿಷಯ ದೊಡ್ಡದು ಅಂತಲೇ ಅರ್ಥ.

"ಎಕ್ಕಾನ? ಬಾಳೋ ಮನೆ ಬಾಗ್ಲಿಗೆ ಎಕ್ಕಾನ? ವಾಣೀ, ಬಾ ಇಲ್ಲಿ! ನೋಡು ನಿನ್ ಮಗಳು ಏನ್ ತಂದವ್ಳೆ!"

ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. "ಎಕ್ಕ ತಾನೆ ಅತ್ತೆ. ಹಾವೇನೂ ಅಲ್ವಲ್ಲ."

"ಆವಾದ್ರೆ ಓಡಿಸ್ಬೋದು!"

ಶಾಲಿನಿಗೆ ಆ ದಿನವೇ ಒಂದು ವಿಷಯ ತಿಳಿದದ್ದು. ಅಜ್ಜಿ ಬೆಳಗಿನಿಂದ ಸಂಜೆವರೆಗೆ "ಎಕ್ಕುಟ್ಟೋಗ" ಅನ್ನುತ್ತಿದ್ದಳು. ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಗೆ, ಕರೆಂಟು ಹೋದರೆ ಕರೆಂಟಿಗೆ, ನಂಜನಗೂಡು ಬಸ್ಸು ನಿಲ್ಲಿಸದೆ ಹೋದರೆ ಬಸ್ಸಿಗೆ. ಸೀರಿಯಲ್ಲಿನ ಕೆಟ್ಟ ಅತ್ತೆಗಂತೂ ಜಾಹೀರಾತಿನ ಮೊದಲೂ ಆಮೇಲೂ. "ಛೇ" ಅನ್ನುವ ಹಾಗೆ ಇದೂ ಒಂದು ಶಬ್ದ ಅಂತ ಶಾಲಿನಿ ತಿಳಿದಿದ್ದಳು. ಅದರೊಳಗೆ ಒಂದು ಗಿಡ ಇದೆ ಅಂತ ಗೊತ್ತೇ ಇರಲಿಲ್ಲ.

"ಮನೆ ಬಿದ್ದು, ಜನ ಓಗಿ, ಒಲೆ ಇದ್ದ ತಾವ ಎಕ್ಕ ಉಟ್ಲಿ ಅಂತ ಬಯ್ಯೋದು ಕಣಮ್ಮಿ," ಅಂದಳು ಅಜ್ಜಿ. "ಅಂತಾದ್ದನ್ನ ನೀನೇ ತಂದು ನೆಡ್ತೀನಿ ಅಂತೀಯಲ್ಲ!"

"ನಾನು ಆರಿಸ್ಕೊಂಡಿಲ್ಲ ಅಜ್ಜಿ. ಚೀಟಿ ಎತ್ತಿದ್ದು."

ಅದು ನಿಜ. ಸರ್ವಮಂಗಳಾ ಮಿಸ್ ಐದನೇ ಕ್ಲಾಸಿನಲ್ಲಿ ಒಂದು ಡಬ್ಬ ತಂದಿಟ್ಟು ಎಲ್ಲರ ಹತ್ತಿರ ಚೀಟಿ ಎತ್ತಿಸಿದ್ದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಲ್ಲಿ ನಮ್ಮದೇ ಒಂದು ಗಿಡ ಹೂ ಬಿಟ್ಟಿರಬೇಕು, ಹಕ್ಕಿಗೋ ಹುಳಕ್ಕೋ ಜೇನಿಗೋ ಊಟ ಇರಬೇಕು, ಇದು ಮಿಸ್ಸಿನ ಆಸೆ. ಮದನ್‌ಗೆ ತಂಗಡಿ ಬಂತು. ಚಿನ್ನದ ಬಣ್ಣದ ಹೂ. ಕವನಳಿಗೆ ಲಕ್ಕಿ ಬಂತು. ನೀಲಿ ಹೂ. ಶಾಲಿನಿಯ ಚೀಟಿ ಬಿಚ್ಚಿದಾಗ ಇಡೀ ಕ್ಲಾಸು ನಕ್ಕಿತು. ಮಿಸ್ ಮಾತ್ರ, "ಎಕ್ಕ ವರ್ಷ ಪೂರ್ತಿ ಹೂ ಬಿಡುತ್ತೆ, ನೀರೂ ಕೇಳಲ್ಲ. ಹಾಲು ಮಾತ್ರ ಕಣ್ಣಿಗೆ ತಾಗಿಸ್ಕೋಬೇಡ," ಅಂದಿದ್ದರು.

ರಾತ್ರಿ ಊಟದ ಹೊತ್ತಿಗೆ ಅಪ್ಪ ರವಿಚಂದ್ರ ಫ್ಯಾಕ್ಟರಿಯಿಂದ ಬಂದ. ಎರಡು ಕಡೆಯ ವಾದವನ್ನೂ ಕೇಳಿದ. ಮುದ್ದೆ ಮುಗಿಸಿ ತೀರ್ಪು ಹೇಳಿದ.

"ಬಕೆಟ್‌ಗೆ ಹಾಕೋಣ ಅವ್ವ. ಪೇಂಟಿನ ಬಕೆಟ್ ಬಿದ್ದದಲ್ಲ. ನೆಲದಲ್ಲಿ ಹುಟ್ಟಿದ್ರೆ ತಾನೆ ಎಕ್ಕ ಹುಟ್ಟಿದ ಹಾಗೆ? ಬಕೆಟ್ಟಲ್ಲಿದ್ರೆ ಅದು ಹುಟ್ಟಿದ್ದಲ್ಲ, ಇಟ್ಟಿದ್ದು."

ಅಜ್ಜಿ ಯೋಚಿಸಿದಳು. ಕಾನೂನು ಸರಿ ಇದೆ ಅನ್ನಿಸಿತು.

"ಕಾಂಪೌಂಡ್ ಒಳಗೆ ಬ್ಯಾಡ," ಅಂದಳು. "ಆಚೆ ಚರಂಡಿ ಚಪ್ಪಡಿ ಮೇಲೆ ಇಡಿ. ಅದು ಪಂಚಾಯ್ತಿದು. ಪಂಚಾಯ್ತಿ ಎಕ್ಕುಟ್ಟೋದ್ರೆ ನಂಗೇನು."

ಹೀಗೆ ಎಕ್ಕ ಪಂಚಾಯ್ತಿಯ ಜಾಗದಲ್ಲಿ ಬೆಳೆಯತೊಡಗಿತು.

ಕ್ಲಾಸಿನ ಗೋಡೆ ಮೇಲೆ ಒಂದು ಚಾರ್ಟು ಇತ್ತು. ನಿಮ್ಮ ಗಿಡಕ್ಕೆ ಯಾರು ಬಂದರು ಅಂತ ಅಲ್ಲಿ ಬರೆಯಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಮದನ್‌ನ ಸಾಲಿನಲ್ಲಿ ಜೇನು, ಹಳದಿ ಚಿಟ್ಟೆ, ಒಂದು ಓತಿಕ್ಯಾತ ಇದ್ದವು. ಓತಿಕ್ಯಾತವನ್ನು ಅವನೇ ಹಿಡಿದು ಕೂರಿಸಿದ್ದು ಅಂತ ಕವನ ಹೇಳುತ್ತಿದ್ದಳು. ಶಾಲಿನಿಯ ಸಾಲಿನಲ್ಲಿ ಒಂದೇ ಹೆಸರಿತ್ತು: ಅಜ್ಜಿ (ಬಯ್ಯಲು).

ದೀಪಾವಳಿ ಮುಗಿದ ಮೇಲೆ ಒಂದು ಬೆಳಗ್ಗೆ ಎಲೆಯಲ್ಲಿ ತೂತು ಕಂಡಿತು. ಎಲೆ ತಿರುಗಿಸಿ ನೋಡಿದರೆ ಹುಳ. ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಕಪ್ಪು ಕೊಂಬು. ಇನ್ನೊಂದು ಎಲೆ ತಿರುಗಿಸಿದಳು. ಅಲ್ಲೂ ಒಂದು. ಪುಟ್ಟವು, ದೊಡ್ಡವು, ಎಲೆಗೊಂದರಂತೆ ಇದ್ದವು.

"ಚಿಟ್ಟೆ ಹುಳ ಅದು," ಅಂದರು ಮಿಸ್. "ಎಕ್ಕ ಬಿಟ್ಟು ಬೇರೆ ಕಡೆ ಸುಲಭಕ್ಕೆ ಮೊಟ್ಟೆ ಇಡಲ್ಲ. ಅದೃಷ್ಟ ನಿಂದು. ಚಿಟ್ಟೆ ಆಗೋದು ನೋಡಿದ್ರೆ ಇಡೀ ಕ್ಲಾಸಿಗೆ ನೀನೇ ಹೇಳಬೇಕು."

ಶಾಲಿನಿ ಆ ದಿನದಿಂದ ಬಕೆಟ್ಟಿನ ಮುಂದೆಯೇ ಹಲ್ಲುಜ್ಜುತ್ತಿದ್ದಳು. ಹುಳಗಳಿಗೆ ಹಗಲು ರಾತ್ರಿ ಒಂದೇ ಕೆಲಸ. ಅವು ದಪ್ಪಗಾದಷ್ಟೂ ಗಿಡ ತೆಳ್ಳಗಾಯಿತು. ಕೊನೆಗೆ ಮೂರೋ ನಾಲ್ಕೋ ಎಲೆ ಉಳಿದವು, ಹುಳ ಮಾತ್ರ ಹಾಗೇ ಇದ್ದವು.

ಊರ ರಸ್ತೆಯುದ್ದಕ್ಕೂ ಮೊದಲು ಎಕ್ಕ ಇತ್ತು. ರಸ್ತೆ ಅಗಲ ಮಾಡಲು ಜೆಸಿಬಿ ಬಂದು ಎಲ್ಲವನ್ನೂ ಕೆರೆದು ಹಾಕಿತ್ತು. ಶಾಲಿನಿ ದಾಸವಾಳದ ಎಲೆ ಇಟ್ಟು ನೋಡಿದಳು, ಅವರೆ ಸೊಪ್ಪು ಇಟ್ಟು ನೋಡಿದಳು. ಹುಳಗಳು ಅವುಗಳ ಮೇಲೆ ನಡೆದುಕೊಂಡು ಆಚೆ ಹೋದವು.

"ಮ್ಯಾಗಿ ಹಾಕು," ಅಂದ ಮದನ್. "ಮ್ಯಾಗಿ ಯಾರು ಬೇಡ ಅಂತಾರೆ?"

ಸಂಜೆ ಶಾಲಿನಿ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಹೇಳಿದಳು. "ಅಮ್ಮ, ಹುಳಕ್ಕೆ ಸೊಪ್ಪಿಲ್ಲ. ನಾಳೆಗೆ ಸತ್ತು ಹೋಗ್ತವೆ."

ಒಳಗೆ ಸೀರಿಯಲ್ ಸದ್ದು ನಿಂತಿತು. ಅಜ್ಜಿ ಟೀವಿ ಆರಿಸಿದ್ದಳು. ಸೀರಿಯಲ್ಲಿನ ಅತ್ತೆ ಇನ್ನೂ ಯಾರಿಗೂ ವಿಷ ಹಾಕಿರಲಿಲ್ಲ, ಆದರೂ ಆರಿಸಿದ್ದಳು.

"ಏನಂದೆ?"

"ಹುಳಕ್ಕೆ ಸೊಪ್ಪಿಲ್ಲ ಅಂದೆ."

ಅಜ್ಜಿ ಟಿ. ನರಸೀಪುರದ ಕಡೆಯ ರೇಷ್ಮೆ ಮನೆಯಿಂದ ಬಂದವಳು. ಮದುವೆಯಾಗಿ ಬಂದ ಮೇಲೆ ಇಲ್ಲೂ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದ್ದಳು. ಹುಳ ಮೇಯುವಾಗ ಮನೆಯೆಲ್ಲ ಮಳೆ ಬಿದ್ದ ಹಾಗೆ ಸದ್ದಾಗುತ್ತಿತ್ತಂತೆ. ಸದ್ದು ನಿಂತರೆ ಎಂಥ ನಿದ್ದೆಯಲ್ಲಿದ್ದರೂ ಎದ್ದು ಸೊಪ್ಪು ಹಾಕಬೇಕಿತ್ತಂತೆ. ಮಕ್ಕಳು ಅತ್ತರೆ ಸ್ವಲ್ಪ ಹೊತ್ತು ಅಳಲಿ ಅನ್ನಬಹುದಿತ್ತು. ಹುಳಕ್ಕೆ ಹಾಗೆ ಅನ್ನುವಂತಿರಲಿಲ್ಲ.

ಅಜ್ಜಿ ಚಪ್ಪಡಿವರೆಗೆ ನಡೆದು ಬಂದು ಬಗ್ಗಿ ನೋಡಿದಳು. ಇಷ್ಟು ದಿನದಲ್ಲಿ ಇದೇ ಮೊದಲು.

"ಅಸ್ಕೊಂಡವೆ," ಅಂದಳು. "ಚೀಲ ತಕ್ಕ ಬಾ ಕೂಸೆ."

"ಎಲ್ಲಿಗೆ ಅಜ್ಜಿ?"

"ಎಕ್ಕ ಇರೋ ತಾವ್ಕೆ."

ನಾಲೆ ದಾಟಿ, ಭತ್ತದ ಗದ್ದೆ ಬದುವಿನ ಮೇಲೆ ಇಬ್ಬರೂ ನಡೆದರು. ಅಜ್ಜಿ ಮಂಡಿ ಹಿಡಿದುಕೊಂಡು ನಡೆದಳು, ದಾರಿಯನ್ನು ಕೇಳದೆ ನಡೆದಳು. ಹೊಲದ ಮೂಲೆಯಲ್ಲಿ ಅವರ ಹಳೆಯ ರೇಷ್ಮೆ ಹುಳದ ಮನೆ ಇತ್ತು. ಶಾಲಿನಿ ಅದನ್ನು ದೂರದಿಂದಷ್ಟೇ ನೋಡಿದ್ದಳು. ಹಂಚು ಅರ್ಧ ಬಿದ್ದಿತ್ತು. ಬಾಗಿಲು ಇರಲಿಲ್ಲ. ಒಳಗೆ ನೆಲ ಒಡೆದುಕೊಂಡು ಎಕ್ಕ ಬಂದಿತ್ತು. ಒಂದಲ್ಲ, ಒಂದು ಗುಂಪು. ಅಜ್ಜಿಗಿಂತ ಎತ್ತರ. ಮೈ ತುಂಬ ತಿಳಿನೇರಳೆ ಹೂ.

ಅಜ್ಜಿ ಹೊಸಿಲ ಹತ್ತಿರ ನಿಂತು ಚಪ್ಪಲಿ ಬಿಟ್ಟಳು. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ಹುಳ ಇರಲಿಲ್ಲ, ಮನೆಯೂ ಅಷ್ಟಕ್ಕಷ್ಟೇ. ಆದರೂ ಬಿಟ್ಟಳು. ಶಾಲಿನಿಯೂ ಬಿಟ್ಟಳು.

"ಎಕ್ಕುಟ್ಟೋಗದೆ," ಅಂದಳು ಅಜ್ಜಿ. ಈ ಸಲ ಬೈದ ಹಾಗೆ ಇರಲಿಲ್ಲ. ಬೋರ್ಡು ಓದಿದ ಹಾಗಿತ್ತು.

"ಯಾರು ಬೈದಿದ್ರು ಅಜ್ಜಿ ಈ ಮನೆಗೆ?"

"ಯಾರೂ ಬಯ್ನಿಲ್ಲ ಕಣಮ್ಮಿ. ರೇಷ್ಮೆಗೂಡಿನ ರೇಟು ಬಿತ್ತು. ನಿಮ್ಮಪ್ಪ ಫ್ಯಾಕ್ಟ್ರಿಗೆ ಸೇರ್ದ. ನನ್ನ ಮಂಡಿ ಓಯ್ತು. ಬಾಗ್ಲು ಆಕ್ಕೊಂಡು ಓದೊ, ಅಷ್ಟೇಯ."

"ಎಕ್ಕ ಬಂದಿದ್ದು ಆಮೇಲಾ?"

"ಆಮೇಲೆ." ಅಜ್ಜಿ ಒಂದು ಕೊಂಬೆ ಬಗ್ಗಿಸಿ ನೋಡಿದಳು. "ನಾವು ಓದ ಮೇಲೆ ಬಂದದೆ." ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಎಳೇದು ಕೀಳು. ಬಲಿತ ಎಲೆ ಉಳಕ್ಕೆ ಆಗಕ್ಕಿಲ್ಲ. ಹಾಲು ಕಣ್ಣಿಗೆ ತಾಗ್ಸ್‌ಬ್ಯಾಡ."

ಮಾರನೇ ದಿನದಿಂದ ಮನೆಯ ಆಡಳಿತ ಬದಲಾಯಿತು. ಅಜ್ಜಿ ಅಟ್ಟದಿಂದ ಬಿದಿರಿನ ತಟ್ಟೆ ಇಳಿಸಿ, ತೊಳೆದು, ಬಿಸಿಲಿಗಿಟ್ಟು, ಹುಳಗಳನ್ನೆಲ್ಲ ಅದಕ್ಕೆ ವರ್ಗಾಯಿಸಿ ನಡುಮನೆಗೆ ತಂದಳು. ಅಮ್ಮನಿಗೆ ಒಗ್ಗರಣೆ ಹಾಕಬಾರದು ಅಂತ ಆರ್ಡರ್ ಆಯಿತು, ಹುಳಕ್ಕೆ ಘಾಟು ಆಗುವುದಿಲ್ಲ. ಅಪ್ಪನ ಸೆಂಟಿನ ಬಾಟಲಿ ಬೀರುವಿಗೆ ಹೋಯಿತು. ನೋಡಲು ಬಂದ ಮದನ್‌ನನ್ನು ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದಳು.

"ಕಾಲು ತೊಳ್ಕೊಂಡ್ಯೇನ್ಲಾ?"

"ತೊಳೆದೆ ಅಜ್ಜಿ."

"ಕೈಯಿ?"

"ಇದೇನು ಆಸ್ಪತ್ರೆನಾ ಅಜ್ಜಿ?"

"ಆಸ್ಪತ್ರೆಗೆ ಎಂಗ್ ಬೇಕಾದ್ರೂ ಓಗ್ಬೋದು. ಕೈ ತೊಳಿ."

ಒಂದು ದಿನ ಹುಳಗಳು ತಿನ್ನದೆ ಸುಮ್ಮನೆ ಕೂತಾಗ ಶಾಲಿನಿ ಹೆದರಿದಳು. ಅಜ್ಜಿ ಹೆದರಲಿಲ್ಲ. "ಜ್ವರಕ್ಕೆ ಕೂತವೆ. ಪೊರೆ ಬುಡ್ತವೆ ನೋಡು." ಸಂಜೆಯೊಳಗೆ ಹಳೆಯ ಚರ್ಮ ಬಿಟ್ಟು ಹೊಸ ಪಟ್ಟೆ ಹಾಕಿಕೊಂಡು ಹೊರಬಂದವು. ಶಾಲಿನಿಗೆ ಅಜ್ಜಿ ಮಿಸ್ಸಿಗಿಂತ ದೊಡ್ಡ ಮಿಸ್ ಆಗಿ ಕಂಡಳು.

ಅದಕ್ಕೇ ಅಜ್ಜಿ ಒಂದು ಸಂಜೆ, "ಹಣ್ಣಾದ್ವು, ಇನ್ನು ಗೂಡು ಕಟ್ತವೆ," ಅಂದಾಗ ಶಾಲಿನಿ ಮರುಮಾತಾಡಲಿಲ್ಲ. ಅಜ್ಜಿ ಅಟ್ಟದಿಂದ ಚಂದ್ರಂಕಿ ಇಳಿಸಿದಳು. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ್ದು ಅದು. ಹಣ್ಣಾದ ರೇಷ್ಮೆ ಹುಳವನ್ನು ಅದರಲ್ಲಿ ಬಿಟ್ಟರೆ ಸುರುಳಿಯ ಸಂದಿಯಲ್ಲಿ ನೂಲು ಬಿಟ್ಟು ಗೂಡು ಕಟ್ಟುತ್ತದೆ. ಅಜ್ಜಿ ಒಂದೊಂದೇ ಹುಳವನ್ನು ಎತ್ತಿ ಬಿಟ್ಟು, ಬಟ್ಟೆ ಮುಚ್ಚಿದಳು.

ಬೆಳಗ್ಗೆ ಬಟ್ಟೆ ತೆಗೆದರೆ ಒಂದು ಎಳೆ ನೂಲಿಲ್ಲ. ಕೆಲವು ಹುಳ ಚಂದ್ರಂಕಿಯ ಅಂಚಿಗೆ ಬಾಲ ಅಂಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದಿಷ್ಟು ಎದ್ದು ಹೋಗಿ ಬಾಗಿಲ ಸಂದಿ, ಕ್ಯಾಲೆಂಡರ್ ಮೊಳೆ, ಅಪ್ಪನ ಪ್ಯಾಂಟು, ಸಿಕ್ಕಿದ ಕಡೆ ಹಾಗೇ ನೇತುಕೊಂಡಿದ್ದವು.

ಅಜ್ಜಿ ಬಹಳ ಹೊತ್ತು ನೋಡಿದಳು. ನೇತಾಡುವ ಒಂದನ್ನು ಬೆರಳಿಂದ ತಟ್ಟಿ ನೋಡಿ, ಮುಖ ಗಂಟಿಕ್ಕಿದಳು. ಶಾಲಿನಿಗೆ ಸ್ಕೂಲಿಗೆ ಹೊತ್ತಾಯಿತು.

"ಮಿಸ್, ನಮ್ಮ ಹುಳ ಗೂಡೇ ಕಟ್ತಿಲ್ಲ," ಅಂದಳು ಕ್ಲಾಸಿನಲ್ಲಿ. "ತಲೆಕೆಳಗೆ ಮಾಡ್ಕೊಂಡು ನೇತಾಡ್ತಿವೆ."

"ಗೂಡು ಕಟ್ಟಲ್ಲ ಅವು. ನೂಲೂ ಸುತ್ತಲ್ಲ. ಹಾಗೇ ನೇತಾಡಿ ಹಸಿರು ಮಣಿ ಥರ ಕೋಶ ಆಗ್ತವೆ. ಅದರೊಳಗೇ ಚಿಟ್ಟೆ. ಯಾರೂ ಮುಟ್ಟಬಾರದು, ಅಷ್ಟೆ."

ಶಾಲಿನಿಗೆ ಬೆಳಗಿನ ಅಜ್ಜಿಯ ಮುಖ ನೆನಪಾಯಿತು. ಹುಳವನ್ನು ತಟ್ಟಿ ನೋಡಿ ಗಂಟಿಕ್ಕಿದ ಮುಖ. ಬೆಲ್ ಹೊಡೆದದ್ದೇ ತಡ, ಬ್ಯಾಗು ಕುಣಿಯುವ ಹಾಗೆ ಓಡಿದಳು.

ನಡುಮನೆ ಸ್ವಚ್ಛವಾಗಿತ್ತು. ಮೊಳೆಯ ಮೇಲೆ ಬರೀ ಕ್ಯಾಲೆಂಡರು. ಚಂದ್ರಂಕಿ ತೊಳೆದು ಗೋಡೆಗೆ ಒರಗಿಸಿತ್ತು. ಹಿತ್ತಲಲ್ಲಿ ಅಜ್ಜಿ ಗುದ್ದಲಿಯಿಂದ ಮಣ್ಣು ತಟ್ಟುತ್ತಿದ್ದಳು. ಪಕ್ಕದಲ್ಲಿ ಸುಣ್ಣದ ಡಬ್ಬಿ.

"ಅಜ್ಜಿ, ಹುಳ ಎಲ್ಲಿ?"

"ರೋಗ ಬಂದಿತ್ತು ಕಣ ಕೂಸೆ," ಅಜ್ಜಿಯ ದನಿ ಮೆತ್ತಗಿತ್ತು. "ನೂಲು ಬುಡದೆ ನೇತಾಕ್ಕೊಂಡ್ರೆ ರೋಗಾನೇಯ. ಅಂಗೇ ಬುಟ್ರೆ ಮುಂದೆ ಬರೋ ಉಳಕ್ಕೂ ಅಂಟ್ತಿತ್ತು. ಸುಣ್ಣ ಹಾಕಿ ಊತಾಕ್ದೆ. ನಮ್ಮನೇಲಿ ಇಡೀ ಒಂದು ಬೆಳೆ ಇಂಗೇ ಓಗಿತ್ತು ಒಂದ್ಸಲ."

"ಅವು ರೇಷ್ಮೆ ಹುಳ ಅಲ್ಲ ಅಜ್ಜಿ! ನೂಲು ಬಿಡೋದೇ ಇಲ್ಲ ಅವು!"

"ನೂಲೇ ಬುಡದಿದ್ರೆ ಮತ್ಯಾಕೆ ಉಳ ಆಯ್ತದೆ?"

ಅಜ್ಜಿ ನಿಜವಾಗಿಯೂ ತಿಳಿಯದೆ ಕೇಳಿದ್ದಳು.

"ಚಿಟ್ಟೆ ಆಗಕ್ಕೆ," ಅಂದಳು ಶಾಲಿನಿ.

ಕೈಯಿಂದಲೇ ಮಣ್ಣು ಬಗೆದು ನೋಡಿದಳು. ಸುಣ್ಣ ಮೆತ್ತಿಕೊಂಡು ಒಂದೂ ಅಲುಗುತ್ತಿರಲಿಲ್ಲ. ಮತ್ತೆ ಮಣ್ಣು ಮುಚ್ಚಿದಳು. ಕೂಗಾಡಬೇಕು ಅಂದುಕೊಂಡಿದ್ದಳು. ಆದರೆ ಅಜ್ಜಿ ಗುದ್ದಲಿ ಹಿಡಿದು, ಏನು ಮಾಡಬೇಕು ಅಂತ ತಿಳಿಯದೆ ನಿಂತಿದ್ದಳು. ಹಾಗೆ ನಿಂತ ಅಜ್ಜಿಯನ್ನು ಅವಳು ನೋಡಿಯೇ ಇರಲಿಲ್ಲ.

ಒಳಗೆ ಬಂದು ನಡುಮನೆಯ ನೆಲದ ಮೇಲೆ ಮಲಗಿದಳು. ಯೂನಿಫಾರ್ಮ್ ಬಿಚ್ಚಲಿಲ್ಲ. ಅಮ್ಮ ಕರೆದರೂ ಏಳಲಿಲ್ಲ. ಮಲಗಿದವಳಿಗೆ ಟೀವಿ ಮುಂದೆ ಇರುವ ಅಜ್ಜಿಯ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಅಡಿ ಕಾಣುತ್ತಿತ್ತು. ಅಲ್ಲಿ, ಕೂರುವ ಜಾಗದ ಸರೀ ಕೆಳಗೆ, ಹಸಿರಾದ ಒಂದು ಮಣಿ ನೇತಾಡುತ್ತಿತ್ತು. ಮಣಿಯ ಮೇಲೆ ಯಾರೋ ಸೂಜಿಯಿಂದ ಇಟ್ಟ ಹಾಗೆ ಚಿನ್ನದ ಚುಕ್ಕಿಗಳು.

ಶಾಲಿನಿ ಮಲಗಿದಲ್ಲಿಂದಲೇ ಕೂಗಿದಳು. "ಅಜ್ಜೀ! ಕುರ್ಚಿ ಮುಟ್ಟಬೇಡ!"

ಅಜ್ಜಿ ಬಂದಳು. ಕಷ್ಟಪಟ್ಟು ಬಗ್ಗಿ, ಗೋಡೆ ಹಿಡಿದು, ನೆಲದ ಮೇಲೆ ಕೂತು ನೋಡಿದಳು. ರೋಗ ಅಂತ ಅನ್ನಲಿಲ್ಲ.

ಅವತ್ತಿನಿಂದ ಅಜ್ಜಿ ಆ ಕುರ್ಚಿಯಲ್ಲಿ ಕೂರಲಿಲ್ಲ. ಚಾಪೆ ಹಾಸಿಕೊಂಡು ನೆಲದ ಮೇಲೆ ಕೂತು ಸೀರಿಯಲ್ ನೋಡಿದಳು. ಏಳುವಾಗ ಮಂಡಿಯ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

"ಯಾಕವ್ವ ನೆಲದ ಮೇಲೆ ಕೂತಿದ್ದೀಯ?" ಅಪ್ಪ ಕೇಳಿದ.

"ಸೆಕೆ ಕಣ್ಲಾ," ಅಂದಳು ಅಜ್ಜಿ, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ.

ಪಕ್ಕದ ಮನೆ ಮಾದಮ್ಮ ಹೆಪ್ಪು ಕೇಳಲು ಬಂದವಳು ಅಭ್ಯಾಸದಂತೆ ಕುರ್ಚಿ ಎಳೆದುಕೊಳ್ಳಲು ಕೈ ಚಾಚಿದಳು.

"ಕೂರಬ್ಯಾಡಾ!" ಅಜ್ಜಿ ಕಿರುಚಿದ ರಭಸಕ್ಕೆ ಮಾದಮ್ಮನ ಕೈಯ ಲೋಟ ಬಿತ್ತು.

"ಅಯ್ಯೋ, ಯಾಕ್ ಚಾಮುಂಡಕ್ಕ? ನಾ ಕೂತ್ರೆ ನಿಮ್ಮ ಕುರ್ಚಿ ಸವೆದೋದದಾ?"

"ಅಡೀಲಿ ಉಳ ಅದೆ."

ಮಾದಮ್ಮ ಬಗ್ಗಿ ನೋಡಿ, ಅಜ್ಜಿಯ ಮುಖ ನೋಡಿ, ಮತ್ತೆ ಬಗ್ಗಿ ನೋಡಿದಳು. ಹೆಪ್ಪು ಇಸಿದುಕೊಂಡು ಹೊರಟಳು. ಸಂಜೆಯೊಳಗೆ ಚಾಮುಂಡಕ್ಕನಿಗೆ ಹೇಗೋ ಆಗಿದೆ ಅಂತ ಬೀದಿಗೆಲ್ಲ ಗೊತ್ತಾಯಿತು.

ಶಾಲಿನಿ ಅಜ್ಜಿಯ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಬಾರದು ಅಂತಲ್ಲ. ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಜ್ಜಿಯೇ ಅವಳನ್ನು ಅಲುಗಾಡಿಸಿ ಎಬ್ಬಿಸಿದಳು. "ಏಳು ಕೂಸೆ. ಅದು ಕಪ್ಪಗಾಗ್ಬುಟ್ಟದೆ."

ಇಬ್ಬರೂ ನೆಲದ ಮೇಲೆ ಬೋರಲು ಮಲಗಿದರು. ಹಸಿರು ಮಣಿ ಗಾಜಿನ ಹಾಗಾಗಿತ್ತು. ಒಳಗೆ ಮಡಿಚಿಟ್ಟ ಕಪ್ಪು, ಕಿತ್ತಳೆ ಬಣ್ಣ. ಸ್ವಲ್ಪ ಹೊತ್ತಿಗೆ ಅದು ಬಿರಿಯಿತು. ಒದ್ದೆಯಾದ ಏನೋ ಒಂದು ಹೊರಗೆ ಜಾರಿ, ಸಿಪ್ಪೆಗೇ ಕಾಲು ಕೊಟ್ಟು ನಿಂತಿತು. ರೆಕ್ಕೆ ಎರಡು ಒಗೆದು ಹಿಂಡಿದ ಕರವಸ್ತ್ರದ ಹಾಗಿದ್ದವು. ನೋಡನೋಡುತ್ತ ಬಿಚ್ಚಿಕೊಂಡವು. ಕಿತ್ತಳೆ, ಅಂಚಿಗೆ ಕಪ್ಪು, ಕಪ್ಪಿನ ಮೇಲೆ ಬಿಳಿ ಚುಕ್ಕಿ.

ಅಜ್ಜಿಯ ಬಾಯಿ ತೆರೆದೇ ಇತ್ತು.

ಬಿಸಿಲು ಹೊಸಿಲಿಗೆ ಬಂದಾಗ ಶಾಲಿನಿ ಬೆರಳು ಕೊಟ್ಟಳು. ಚಿಟ್ಟೆ ಹತ್ತಿಕೊಂಡಿತು. ಹೊರಗೆ ತಂದು, ಎಲೆ ಇಲ್ಲದ ಬಕೆಟ್ಟಿನ ಎಕ್ಕದ ಮೇಲೆ ಬಿಟ್ಟಳು. ಕಡ್ಡಿಯ ತುದಿಯಲ್ಲಿ ಆಗಲೇ ಬೆರಳ ಉಗುರಿನಷ್ಟು ಚಿಗುರು ಬಂದಿತ್ತು.

"ರೇಷ್ಮೆ ಹುಳನೂ ಹೀಗೇ ಬರ್ತಿತ್ತಾ ಅಜ್ಜಿ?"

ಅಜ್ಜಿ ಕಾಂಪೌಂಡ್ ಗೋಡೆಗೆ ಒರಗಿಕೊಂಡಳು.

"ಗೂಡು ಮಾರೋದು ತಡ ಆದ್ರೆ ಒಂದೋ ಎಲ್ಡೋ ತೂತು ಮಾಡ್ಕೊಂಡು ಬತ್ತಿದ್ವು. ಬೆಳ್ಳಗೆ, ದಪ್ಪಗೆ. ಅವಕ್ಕೆ ಆರಾಕೆ ಬರ್ನಿಲ್ಲ. ತೂತು ಬಿದ್ದ ಗೂಡಿಗೆ ರೇಟಿಲ್ಲ. ಎಕ್ಕುಟ್ಟೋಗ, ಗೂಡು ಕೆಡಿಸ್ದ್ವು ಅಂತ ಬೈಕೊಂಡು ಆಚೆ ಎಸೀತಿದ್ದೆ."

"ಉಳಿದವು?"

"ಉಳಿದವು ಲಾರಿಗೆ ಓಗ್ತಿದ್ವು. ಆಮೇಲೆ ಬಿಸ್ನೀರ್ಗೆ."

ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಿದ್ದ ಆ ಮನೆ ಶಾಲಿನಿಯ ಕಣ್ಣ ಮುಂದೆ ಬಂತು, ತಟ್ಟೆಯ ಮೇಲೆ ತಟ್ಟೆ, ತಟ್ಟೆ ತುಂಬ ಹುಳ. ಅಷ್ಟನ್ನೂ ಹಸಿವಾಗದಂತೆ ನೋಡಿಕೊಂಡವಳು ಅಜ್ಜಿ. ಒಂದು ಹುಳ ರೆಕ್ಕೆ ಒಣಗಿಸಿಕೊಳ್ಳುವವರೆಗೆ ನಿಂತು ನೋಡುವ ಪುರುಸೊತ್ತು ಅವಳಿಗೆ ಇವತ್ತೇ ಸಿಕ್ಕಿದ್ದು.

ಚಿಟ್ಟೆ ಎದ್ದಿತು. ಪಂಚಾಯ್ತಿ ಚಪ್ಪಡಿ ಬಿಟ್ಟು, ವೈರು ದಾಟಿ, ದಾರಿ ಗೊತ್ತಿಲ್ಲದವರ ಹಾಗೆ ಒಂದು ಸುತ್ತು ಹಾಕಿತು.

"ನಾಲೆ ದಾಟ್ಕೊಂಡು ಓಗು," ಅಂದಳು ಅಜ್ಜಿ, ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ಹಾಗೆ. "ನಮ್ ಉಳದ ಮನೆ ಅದೆ. ಬೇಕಾದಷ್ಟು ಎಕ್ಕ ಅದೆ ಅಲ್ಲಿ."

ಆಮೇಲೆ ಶಾಲಿನಿಯ ಕಡೆ ನೋಡದೆ ಕೇಳಿದಳು. "ನಾನು ಊತಿದ್ದೆಲ್ಲಾವೂ ಇಂಗೇ ಆಯ್ತಿದ್ವಾ?"

ಶಾಲಿನಿಗೆ ಉತ್ತರ ಗೊತ್ತಿತ್ತು.

"ಒಂದೆರಡಕ್ಕೆ ರೋಗ ಇತ್ತೇನೋ ಅಜ್ಜಿ," ಅಂದಳು. "ನೀನು ಹೇಳಿದ್ಯಲ್ಲ."

ಅಜ್ಜಿ ಶಾಲಿನಿಯ ತಲೆ ಮೇಲೆ ಕೈ ಊರಿಕೊಂಡು ಮೆಟ್ಟಿಲು ಹತ್ತಿ ಒಳಗೆ ನಡೆದಳು. ಇಷ್ಟು ದಿನದ ಮೇಲೆ ಕುರ್ಚಿ ಅವಳದಾಗಿತ್ತು. ಆದರೆ ಕೂರುವ ಮೊದಲು ಮಂಡಿ ಹಿಡಿದುಕೊಂಡು ಬಗ್ಗಿ ಅಡಿಯನ್ನು ಒಂದು ಸಲ ನೋಡಿದಳು. ಖಾಲಿ ಸಿಪ್ಪೆ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

ಆದರೂ ಮೆಲ್ಲಗೇ ಕೂತಳು.